ಟಿವಿಯವರು ಕೊಟ್ಟ ಅಕ್ಕಿಮೂಟೆ

ಆ ಕಾಲದ ಮಾತು ಬಂದರೆ ಎಲ್ಲರ ದನಿಯೂ ಮೆತ್ತಗಾಗುತ್ತದೆ. ನಮ್ಮೂರು ಅವರ್ಸಾಕ್ಕೆ ಕೇಬಲ್ ಟಿವಿ ಹೊಸದಾಗಿ ಬಂದಿತ್ತು. ಬಟನ್ ಮೊಬೈಲಿನಿಂದ ಎಸ್ಸೆಮ್ಮೆಸ್ ಕಳಿಸಿ ಯಾರನ್ನೋ ಗೆಲ್ಲಿಸುವ ಸ್ಪರ್ಧೆಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ನಿಮಗದು ಸಿಹಿ ನೆನಪಾಗಿದ್ದರೆ ಒಳ್ಳೆಯದೇ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ನನಗಾಗ ಹತ್ತು ವರ್ಷ, ಇದ್ದದ್ದು ಅಮ್ಮನ ತವರಿನಲ್ಲಿ, ಅಜ್ಜಿಯ ಜೊತೆ. ಅಮ್ಮನ ತಮ್ಮ ಗಣಪು ಮಾಮ ರಂಪಣಿಗೆ ಹೋಗುತ್ತಿದ್ದ. ಸಮುದ್ರದಲ್ಲಿ ಸುತ್ತು ಹಾಕಿ ಬಿಟ್ಟ ಆ ದೊಡ್ಡ ಬಲೆಯನ್ನು ದಂಡೆಯಿಂದ ಅರ್ಧ ಊರೇ ಸೇರಿ ಎಳೆಯಬೇಕು. ರಟ್ಟೆ ಸೋತಾಗ ಯಾರಾದರೂ, "ಒಂದ್ ಮಾಡಾ ಗಣಪು!" ಎಂದು ಕೂಗುತ್ತಿದ್ದರು. ಮಾಮ ಹಗ್ಗ ಹಿಡಿದುಕೊಂಡೇ ಒಬ್ಬ ದೊಡ್ಡ ಸಿನಿಮಾ ನಟನಾಗಿಬಿಡುತ್ತಿದ್ದ. ನಟನ ಹೆಸರು ಬೇಡ. ನಿಮ್ಮ ಮನೆಯ ಗೋಡೆಯ ಮೇಲೂ ಆತನ ಕ್ಯಾಲೆಂಡರ್ ಇದ್ದಿರಬೇಕು.

ಬೇರೆ ಮಿಮಿಕ್ರಿಯವರು ಹೊಡೆದಾಟದ ಡೈಲಾಗು ಒದರುತ್ತಿದ್ದರು. ಮಾಮನ ನಟ ಅಂಕೋಲೆಯ ಪೇಟೆಯಲ್ಲಿ ಬಂಗಡೆ ಚೌಕಾಸಿ ಮಾಡುತ್ತಿದ್ದ, ಕಾರವಾರದ ಬಸ್ಸಿನಲ್ಲಿ ಕಂಡಕ್ಟರನಿಂದ ಬೈಸಿಕೊಳ್ಳುತ್ತಿದ್ದ. ಮಾತಿಗೆ ಮೊದಲು ನಟ ಎಳೆದುಕೊಳ್ಳುವ ಚಿಕ್ಕ ಉಸಿರು, ಹೆಬ್ಬೆರಳಿನಿಂದ ಮೂಗಿನ ತುದಿ ಒರೆಸುವ ರೀತಿ, ಅಷ್ಟಕ್ಕೇ ಜನ ಬಿದ್ದು ಬಿದ್ದು ನಗುತ್ತಿದ್ದರು. ನಾವು ಮಕ್ಕಳು ತೆಂಗಿನ ಗರಿಯ ದಂಟಿನ ತುಂಡನ್ನೇ ಮೈಕು ಮಾಡಿಕೊಂಡು ಮಾಮನನ್ನು ಅನುಕರಿಸುತ್ತಿದ್ದೆವು. ಯಾರಿಗೂ ಬರುತ್ತಿರಲಿಲ್ಲ.

ಸಿನಿಮಾ ನಟರನ್ನು ಅನುಕರಿಸುವವರ ಸ್ಪರ್ಧೆಯೊಂದು ಟಿವಿಯಲ್ಲಿ ಶುರುವಾಯಿತು. ಹುಬ್ಬಳ್ಳಿಯಲ್ಲಿ ಆಯ್ಕೆ ನಡೆದಾಗ ಮಾಮ ಹೋಗಿ ಗೆದ್ದು ಬಂದ. ಊರೆಲ್ಲ ಕುಣಿದಾಡಿದರೂ ಅವನ ತಲೆಯಲ್ಲಿದ್ದದ್ದು ಒಂದೇ. "ಗೆಲ್ಲೂದು ಬಿಡೂದು ಆಮೇಲೆ ಮಗಾ," ಎಂದಿದ್ದ ನನಗೆ. "ನಂಗೆ ನಾಕು ನಿಮಿಷ ಕೊಡ್ತ್ರಂತೆ. ಆ ನಾಕು ನಿಮಿಷ ಪೂರ್ತಿ ಮಾಡ್ಬೇಕು. ನಾ ಎಂತಾ ಮಾಡ್ತೆ ಅಂತ ಜನ ಒಂದ್ಸಲ ನೋಡ್ಲಿ."

ಅದಕ್ಕೂ ಮೊದಲು ಟಿವಿಯವರು ನಮ್ಮ ಮನೆಯನ್ನು ಚಿತ್ರಿಸಲು ಬಂದರು. ಏಳು ಜನ. ಅಜ್ಜಿ ಬೆಳಿಗ್ಗೆಯೇ ಕಾಯಿ ಅರೆದು, ಘಮಘಮಿಸುವ ತೆಪ್ಪಲದ ಕಾಳು ಜಜ್ಜಿ ಹಾಕಿ ಬಂಗಡೆ ಸಾರು ಮಾಡಿದ್ದಳು. ಆ ಪರಿಮಳ ಅಂಗಳದ ತನಕ ಬರುತ್ತಿತ್ತು. ನಮ್ಮದೇ ಗದ್ದೆಯ ಕುಚ್ಚಲಕ್ಕಿ ಅನ್ನ, ಹುರಿದ ಸಿಗಡಿ. ಏಳೂ ಜನ ಬೆರಳು ಚೀಪಿಕೊಂಡು ಉಂಡರು, ಮತ್ತೆ ಕೇಳಿ ಬಡಿಸಿಕೊಂಡರು.

ಬಂದವರು ಉಂಡು ಕೈತೊಳೆಯುವ ತನಕ ಅಜ್ಜಿ ಒಂದು ಅಗುಳನ್ನೂ ಬಾಯಿಗಿಡುತ್ತಿರಲಿಲ್ಲ. ನಮ್ಮ ಕಡೆಯ ಮನೆಯೊಡತಿಯರ ಪದ್ಧತಿಯೇ ಅದು. ತನ್ನ ಖಾಲಿ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು ಗೋಡೆಗೊರಗಿ ಕೂತು, ಯಾರ ಎಲೆಯಲ್ಲಿ ಏನು ಕಡಿಮೆಯಾಯಿತೆಂದು ನೋಡುತ್ತಿದ್ದಳು. ಕ್ಯಾಮೆರಾದವನು ಉಂಡೆದ್ದವನೇ ಆ ಬಟ್ಟಲಿನ ಮುಂದೆ ಕ್ಯಾಮೆರಾ ಇಟ್ಟ.

ಜೀನ್ಸ್ ತೊಟ್ಟ ಅಕ್ಕ ಒಬ್ಬಳು ನನ್ನ ಗಲ್ಲ ಹಿಡಿದಳು. "ಪುಟ್ಟಿ, ಅಜ್ಜಿ ಊಟ ಮಾಡಿದ್ರಾ?"

"ಇಲ್ಲ, ನಮ್ಮ ಅಜ್ಜಿ ಉಂಡಿಲ್ಲ. ನೀವೆಲ್ಲಾ ಉಂಡ್ಮೇಲೆ ಉಣ್ತದೆ."

"ಇನ್ನೊಂದ್ಸಲ ಹೇಳು. ಸ್ವಲ್ಪ ಮುಖ ಸಪ್ಪಗೆ ಮಾಡ್ಕೊಂಡು."

ನಾನು ಮಾಡಿದೆ. ಮಿಮಿಕ್ರಿಗಾರನ ಅಕ್ಕನ ಮಗಳಲ್ಲವೇ, ಬಲು ಚೆನ್ನಾಗಿಯೇ ಮಾಡಿದೆ. "ಸೂಪರ್!" ಎಂದಳು ಆಕೆ. ನಾನು ಹಿಗ್ಗಿಹೋದೆ.

ಕಾರ್ಯಕ್ರಮ ಬರುವ ಭಾನುವಾರ ಸಂಜೆ ಟಿವಿಯನ್ನು ಜಗಲಿಗೆ ತಂದಿಟ್ಟಿದ್ದೆವು. ರಂಪಣಿಯವರೆಲ್ಲ ಅಂಗಳದಲ್ಲಿ ಕೂತಿದ್ದರು. ಸ್ಪರ್ಧೆಯ ಚಿತ್ರೀಕರಣಕ್ಕೆ ಹೋದ ಮಾಮ ಇನ್ನೂ ಊರಿಗೆ ಬಂದಿರಲಿಲ್ಲ. ಪರದೆಯ ಮೇಲೆ ಮೊದಲು ಪಿಟೀಲಿನ ಅಳು. ಆಮೇಲೆ ಅಜ್ಜಿಯ ಖಾಲಿ ಬಟ್ಟಲು. ಆಮೇಲೆ ನನ್ನ ಸಪ್ಪೆ ಮೋರೆ: "ಇಲ್ಲ, ನಮ್ಮ ಅಜ್ಜಿ ಉಂಡಿಲ್ಲ." ಅಷ್ಟೇ. ಮುಂದಿನ ಮಾತನ್ನು ಕತ್ತರಿಸಿ ಎಸೆದಿದ್ದರು. ಮಗ ನಟನಾಗಲೆಂದು ಹಸಿದು ಕೂತ ತಾಯಿ ಎಂದು ಯಾವನೋ ಗದ್ಗದ ದನಿಯಲ್ಲಿ ಹೇಳುತ್ತಿದ್ದ. ನಮ್ಮ ಸಾರು ಉಂಡ ಕೈಯೇ ಅದನ್ನು ಬರೆದಿತ್ತು!

ಮಾಮ ವೇದಿಕೆಗೆ ಬಂದ. ಉಸಿರೆಳೆದುಕೊಂಡ. ಮೂಗು ಒರೆಸಿದ. ಅಷ್ಟರಲ್ಲಿ ಕ್ಯಾಮೆರಾ ತೀರ್ಪುಗಾರ್ತಿಯ ಒದ್ದೆ ಕಣ್ಣಿಗೆ ಹಾರಿತು. ಮತ್ತೆ ಮಾಮ, ಮತ್ತೆ ಕಣ್ಣು. ನಾಲ್ಕು ನಿಮಿಷವನ್ನು ಅರ್ಧ ನಿಮಿಷ ಮಾಡಿ ಮುಗಿಸಿದರು. ಬಂಗಡೆ ಚೌಕಾಸಿ ಬರಲೇ ಇಲ್ಲ. ಕೊನೆಗೆ ಚಪ್ಪಾಳೆಯ ನಡುವೆ ಅವನ ಹೆಗಲಿಗೆ ಒಂದು ಅಕ್ಕಿಮೂಟೆ ಹೊರಿಸಿದರು. ಅಂಗಳದಲ್ಲಿದ್ದವರು ಒಬ್ಬೊಬ್ಬರೇ ಎದ್ದು ಹೋದರು.

"ನೀ ಎಂತಾ ಹೇಳ್ದೆ ಅವ್ರಿಗೆ?" ಅಜ್ಜಿ ನನ್ನನ್ನು ಕೇಳಿದ್ದು ಇಷ್ಟೇ.

ಮರುದಿನ ಮಾಮ ಮೂಟೆ ಹೊತ್ತು ಬಂದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಏಳು ಜನ ಉಂಡು ಹೋದ್ರಲ್ಲಾ ಗಣಪು. ಯಾವ ಮನೆ ಅಕ್ಕಿ ಉಂಡ್ರು ಅವ್ರು?"

"ಅನ್ನದ ವಸ್ತು, ಬಿಸಾಡುಕೆ ಮನಸ್ಸಾಗ್ಲಿಲ್ಲಾ ಆಯಿ," ಎಂದ ಮಾಮ. ಅವನ ಕಣ್ಣು ನೆಲದ ಮೇಲಿತ್ತು.

ಅವನು ಬಂದ ದಾರಿಯಲ್ಲೇ ತಿರುಗಿ ಹೋಗಿ ಮೂಟೆಯನ್ನು ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಇಟ್ಟು ಬಂದ. ಎರಡು ದಿನದ ಮೇಲೆ ಆ ಅನ್ನ ನನ್ನ ತಟ್ಟೆಗೇ ಬಂತು. ನಾನು ಉಣ್ಣಲಿಲ್ಲ. ಟೀಚರು ಹೊಟ್ಟೆನೋವಾ ಎಂದು ಕೇಳಿದರು, ಹೌದೆಂದೆ.

ಮುಂದಿನ ಸುತ್ತಿಗೆ ಮಾಮ ಹೋಗಲಿಲ್ಲ. ರಂಪಣಿಯಲ್ಲಿ ಯಾರಾದರೂ "ಒಂದ್ ಮಾಡಾ" ಎಂದರೆ, "ಈಗ ಬರೂದಿಲ್ಲಾ ಮಾರಾಯಾ" ಎನ್ನುತ್ತಿದ್ದ. ಬರುತ್ತಿತ್ತು. ಒಮ್ಮೆ ಬಾವಿಕಟ್ಟೆಯ ಹತ್ತಿರ ಒಬ್ಬನೇ ಇದ್ದಾಗ ಆ ಉಸಿರು ಎಳೆದದ್ದನ್ನು ನಾನು ಕೇಳಿದ್ದೇನೆ. ನನ್ನನ್ನು ಕಂಡದ್ದೇ ನಿಲ್ಲಿಸಿಬಿಟ್ಟ. ಆಗ ಅವನು ನನ್ನನ್ನು ನೋಡಿದ ನೋಟಕ್ಕಾಗಿ ನಾನು ಇವತ್ತಿಗೂ ಆ ಏಳು ಜನರನ್ನು ಕ್ಷಮಿಸಿಲ್ಲ, ನನ್ನನ್ನೂ.

ಅಜ್ಜಿ ಹೋದಳು, ಮಾಮನೂ ಹೋದ. ಹೋದ ತಿಂಗಳು ಯಾರೋ ಆ ತುಣುಕನ್ನು ಮೊಬೈಲಿಗೆ ಕಳಿಸಿದರು. ಅದರಲ್ಲಿ ಪಿಟೀಲಿದೆ, ಬಟ್ಟಲಿದೆ, ನಾನಿದ್ದೇನೆ. ಮಾಮನ ಅರ್ಧ ನಿಮಿಷವೂ ಇಲ್ಲ. ಮಗಳು ಇಣುಕಿ ನೋಡಿ ಕೇಳಿದಳು, "ಗಣಪಜ್ಜ ಹ್ಯಾಂಗೆ ಮಾಡ್ತಿದ್ದ ಅಮ್ಮಾ? ಮಾಡಿ ತೋರ್ಸು."

ಉಸಿರೆಳೆದುಕೊಂಡು ನೋಡಿದೆ. ಬರಲಿಲ್ಲ. ಆ ನಟನ ದನಿ ತೆಗೆಯುವವರು ಇವತ್ತಿಗೂ ಊರಿಗೊಬ್ಬರಿದ್ದಾರೆ. ನಮ್ಮ ಗಣಪು ಮಾಮನ ದನಿ ತೆಗೆಯುವವರು ಒಬ್ಬರೂ ಇಲ್ಲ.