ಕೌದಿಯ ಹೊಟ್ಟೆ

ಮ್ಯೂಸಿಯಂ ಗಾಡಿ ನಮ್ಮ ಓಣಿಗೆ ಬಂದ ದಿನ ಬೆಳಿಗ್ಗೆಯಿಂದ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಿರಲಿಲ್ಲ. ಖುಷಿಯಾದರೆ ನನಗೆ ಸಿಟ್ಟು ಬರುತ್ತದೆ. ಮನೆಯವರಿಗೆ ಇದು ಗೊತ್ತು, ಹಾಗಾಗಿ ದೂರವೇ ಉಳಿದಿದ್ದರು. ನಾನು ಹೊಲಿದ ಕೌದಿ ಶಹರದ ವಸ್ತುಸಂಗ್ರಹಾಲಯದ ಗೋಡೆ ಏರುವುದಿತ್ತು. ಹಳೇ ಕಾಲದ ಸಾಮಾನು ಜೋಡಿಸಿಡುವ ಪ್ರದರ್ಶನ ಅಲ್ಲ ಅದು. ನಮ್ಮಂಥ ನೆಲದ ಜನ ಇವತ್ತು, ಈಗ, ಏನು ಮಾಡುತ್ತಿದ್ದಾರೆ ಅಂತ ತೋರಿಸುವಂಥದ್ದು. ರೋಣದ ಕಡೆಯ ತಾಂಡಾದ ಹೆಣ್ಣುಮಕ್ಕಳ ಕನ್ನಡಿ ಕಸೂತಿ, ನರಗುಂದದ ಕಡೆಯ ಕುಂಬಾರರ ಕೆಲಸ, ಗಜೇಂದ್ರಗಡದಿಂದ ನನ್ನ ಕೌದಿ. ಹೆಸರಿನ ಕೆಳಗೆ ‘ಕಲಾವಿದೆ’ ಅಂತ ಬರೆಯುತ್ತೇವೆ ಅಂದಿದ್ದರು. ಓಣಿಯಲ್ಲಿ ಹೊಟ್ಟೆಕಿಚ್ಚು ಪಡುವವರು ಪಡಲಿ ಅಂತ ನಾನೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ.

ಕೌದಿ, ಅಂದರೆ ಹಳೇ ಬಟ್ಟೆಯ ತೇಪೆ ಜೋಡಿಸಿ ಹೊಲಿದ ಹೊದಿಕೆ, ಎಲ್ಲರ ಮನೆಯಲ್ಲೂ ಇರುತ್ತದೆ. ನನ್ನದರಲ್ಲಿ ಚೌಕದ ತೇಪೆಗಳಿರಲಿಲ್ಲ. ಮನೆಯ ಮಗ್ಗದಲ್ಲಿ ಉಳಿದ ಸೀರೆ ತುಂಡುಗಳಿಂದ ನಮ್ಮ ಗುಡ್ಡ ಮಾಡಿದ್ದೆ, ಗುಡ್ಡದ ನೆತ್ತಿಗೆ ಕರೆಂಟು ಮಾಡುವ ಗಾಳಿ ಫ್ಯಾನುಗಳು, ಅವುಗಳ ರೆಕ್ಕೆಗೆ ಸೆರಗಿನ ಕೆಂಪು. ಮೊದಲ ಸಲ ನೋಡಿದಾಗ ಅತ್ತೆ, ಇದನ್ನು ಹೊದ್ದುಕೊಂಡರೆ ನೆಗಡಿಯಾಗುತ್ತದೆ ಅಂದಿದ್ದರು. ಹೊಲಿಗೆ ಮುಗಿಯುವ ಹೊತ್ತಿಗೆ ಮಾತ್ರ ಅವರೇ ಬಂದು ಪಕ್ಕಕ್ಕೆ ಕೂತರು. ನಮ್ಮಲ್ಲಿ ಕೌದಿಯ ಕೊನೆಯ ತೇಪೆ ಮುಚ್ಚುವ ಮೊದಲು ಒಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಡುತ್ತೇವೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತೇವೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ ಅಂತ ನಂಬಿಕೆ. ಅತ್ತೆ ಹೋಳಿಗೆಯ ಚೂರು ಇಟ್ಟು, ಬಾಯೊಳಗೇ ಏನೋ ಅಂದುಕೊಂಡು, ತೇಪೆ ಮುಚ್ಚಿ ಹೊಲಿದರು.

ಏನು ಬೇಡಿಕೊಂಡರು ಅಂತ ಕೇಳಬೇಕಾಗಿರಲಿಲ್ಲ. ನನ್ನ ಮಗಳು ಬಸುರಿಯಾಗಿ ತವರಿಗೆ ಬಂದಿದ್ದಳು, ಏಳು ತಿಂಗಳು ತುಂಬಿತ್ತು. ಪ್ರದರ್ಶನ ಮುಗಿಸಿ ಬಂದ ಮೇಲೆ ಕೌದಿ ಆ ಕೂಸಿಗೆ ಅಂತ ಮಾತಾಗಿತ್ತು. ಹೋದ ವರ್ಷ ಅವಳ ಮೊದಲ ಬಸಿರು ಐದನೇ ತಿಂಗಳಿಗೆ ಹೋಗಿಬಿಟ್ಟಿತ್ತು. ಆಮೇಲೆ ಮನೆಯಲ್ಲಿ ಯಾರೂ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಮ್ಯೂಸಿಯಂನಿಂದ ಬಂದ ಮೇಡಮ್ಮು, ನಮ್ಮ ಮಾತಲ್ಲಿ ಬಾಯಾರು, ಚಲೋ ಹೆಣ್ಣುಮಗಳು. ಕೈಗೆ ಬಿಳಿ ಗವಸು ಹಾಕಿಕೊಂಡು, ಕೌದಿಯನ್ನು ಒಂದು ಮೂಲೆಯಿಂದ ಒತ್ತಿ ಒತ್ತಿ ನೋಡುತ್ತ ಬಂದರು, ದವಾಖಾನೆಯಲ್ಲಿ ಹೊಟ್ಟೆ ನೋಡುವ ಹಾಗೆ. ಒಂದು ಕಡೆ ಅವರ ಬೆರಳು ನಿಂತಿತು. ಇಲ್ಲಿ ಏನೋ ಗಂಟು ಇದೆಯಲ್ಲ ಅಂದರು. ಹೋಳಿಗೆ ಚೂರಿನ ಸಂಗತಿ ನಾನು ನಗುತ್ತಲೇ ಹೇಳಿದೆ. ಅವರು ನಗಲಿಲ್ಲ.

ತಿನ್ನುವ ಪದಾರ್ಥ ಇದ್ದರೆ ಹುಳ ಬರುತ್ತದೆ, ಹುಳ ಬಂದರೆ ಒಂದೇ ಕೌದಿಯಲ್ಲಿ ಉಳಿಯುವುದಿಲ್ಲ, ಪಕ್ಕದಲ್ಲಿ ಇನ್ನೊಬ್ಬರ ಕೆಲಸ ತೂಗುಹಾಕಿರುತ್ತೇವೆ ಅಂತ ಸಮಾಧಾನವಾಗಿಯೇ ತಿಳಿಸಿದರು. ಒಂದು ಬೆರಳಿನಷ್ಟು ಹೊಲಿಗೆ ಬಿಚ್ಚಿ, ಅದನ್ನು ತೆಗೆದು, ಮತ್ತೆ ಹೊಲಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬೇಕಾದರೆ ನೀವೇ ಮಾಡಿಕೊಡಿ ಅಂದರು. ಆಗುವುದಿಲ್ಲ ಅಂದರೆ ಬಿಟ್ಟು ಹೋಗಬೇಕಾಗುತ್ತದೆ. ರೋಣಕ್ಕೆ ಹೋಗಿ, ಅಲ್ಲಿಂದ ನರಗುಂದ ಮುಟ್ಟಬೇಕಿತ್ತು ಅವರು. ಅವರ ಮಾತು ನ್ಯಾಯದ್ದೇ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಅತ್ತೆ ಮಗ್ಗದ ಹತ್ತಿರದಿಂದ ಎದ್ದು ಬಂದರು.

“ತುಂಬಿದ ಬಸುರಿ ಇರೂ ಮನ್ಯಾಗ ತುಂಬಿದ ಹೊಟ್ಟಿ ಬಿಚ್ಚೂದಿಲ್ಲ.”

ಕೌದಿಯ ಹೊಟ್ಟೆ ಅನ್ನಲಿಲ್ಲ ಅವರು, ಬರೀ ಹೊಟ್ಟೆ ಅಂದರು. ಬಾಯಾರು ನನ್ನ ಮುಖ ನೋಡಿದರು. ಇದೆಲ್ಲ ಬಟ್ಟೆ, ನೂಲು, ಒಂದು ಚೂರು ಹೋಳಿಗೆ ಅಂತ ಹೇಳಬೇಕು ಅನಿಸಿತು. ಇಂಥದ್ದನ್ನು ನಂಬದವಳು ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆ ಕೌದಿಯನ್ನು ಗೋಡೆಯ ಮೇಲೆ ನೋಡುವ ಆಸೆ ನನಗೆ ಎಷ್ಟಿತ್ತು ಅಂದರೆ, ಆ ಗಳಿಗೆಯಲ್ಲಿ ಅತ್ತೆಯ ಮೇಲೆ ಕೂಗಾಡಿಬಿಡುತ್ತಿದ್ದೆ. ಆದರೆ ಹೊಲಿಗೆ ಬಿಚ್ಚಲು ಕೈ ಮುಂದಾಗಲಿಲ್ಲ. ಮಗಳಿಗೆ ಏನಾದರೂ ಆದರೆ ಜೀವ ಇರುವವರೆಗೂ ಆ ಒಂದು ಬೆರಳಿನ ಹೊಲಿಗೆಯೇ ನನ್ನ ಕಣ್ಣಮುಂದೆ ಇರುತ್ತಿತ್ತು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಬಿಡ್ರಿ, ಇದು ಬರುವುದಿಲ್ಲ ಅಂತ ಹೇಳಿ ಕೌದಿ ಮಡಚತೊಡಗಿದೆ.

ಅಷ್ಟರಲ್ಲಿ ಒಳಗಿನಿಂದ ಮಗಳು ಗೋಡೆ ಹಿಡಿದುಕೊಂಡು ಬಂದಳು. ಎಲ್ಲಾ ಕೇಳಿಸಿಕೊಂಡಿದ್ದಳು. ನೂಲು ಕತ್ತರಿಸುವ ಬ್ಲೇಡು ಮಗ್ಗದ ಕಟ್ಟಿಗೆಗೆ ಸಿಕ್ಕಿಸಿದ್ದೆವು, ಅದನ್ನು ತೆಗೆದುಕೊಂಡು ನೆಲಕ್ಕೆ ಕೂತು, ಕೌದಿಯನ್ನು ತೊಡೆಗೆ ಎಳೆದುಕೊಂಡಳು. ಅತ್ತೆ ಗಬಕ್ಕನೆ ಅವಳ ಮುಂಗೈ ಹಿಡಿದರು. ಮುದುಕಿಯ ಕೈಯಲ್ಲಿ ಅಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಇಬ್ಬರೂ ಬಿಡಲಿಲ್ಲ. ನಡುವೆ ಬ್ಲೇಡು. ಯಾರಿಗೆ ತಾಗುತ್ತದೋ ಅಂತ ನಾನು ಕೈ ಹಾಕಲಿಲ್ಲ.

“ಹೋದ ಸಲ ಯಾರೂ ಏನೂ ಬಿಚ್ಚಿದ್ದಿಲ್ಲಲ್ಲ ಆಯಿ,” ಅಂದಳು ಮಗಳು. “ಆದ್ರೂ ಹೋತು.”

ಅತ್ತೆಯ ಕೈ ತಾನಾಗಿಯೇ ಸಡಿಲಾಯಿತು. ಮಗಳು ಎರಡು ಎಳೆ ಕತ್ತರಿಸಿ, ಒಣಗಿದ ಚೂರು ತೆಗೆದು, ಅಜ್ಜಿಯ ಅಂಗೈಯಲ್ಲಿ ಇಟ್ಟಳು. ನಾನು ಸೂಜಿಗೆ ದಾರ ಪೋಣಿಸಲು ಹೋದರೆ ಅತ್ತೆ ಬೇಡ ಅಂದರು. ಖಾಲಿ ಹೊಟ್ಟೆ ಹೊಲಿಯಬಾರದು, ಹೋಗುವುದಿದ್ದರೆ ತೆರೆದುಕೊಂಡೇ ಹೋಗಲಿ ಅಂದರು. ಬಾಯಾರು ತೆರೆದ ತೇಪೆಯೊಳಗೆ ಬೆರಳಾಡಿಸಿ ನೋಡಿ, ಹಾಗೇ ಇರಲಿ ಅಂತ ಒಪ್ಪಿದರು. ಗಾಡಿ ಹೋದ ಮೇಲೂ ಅತ್ತೆ ಮುಷ್ಟಿ ಬಿಚ್ಚಿರಲಿಲ್ಲ.

ಪ್ರದರ್ಶನ ಶುರುವಾಗುವ ದಿನ ಮಗಳಿಗೆ ಒಂಬತ್ತು ನಡೆದಿತ್ತು. ಇನ್ನೂ ದಿನ ಇದೆ, ಹೋಗಿ ಬಾ ಅಂತ ಅವಳೇ ಒತ್ತಾಯ ಮಾಡಿ ಕಳಿಸಿದಳು. ದೊಡ್ಡ ತಣ್ಣನೆಯ ಕೋಣೆ, ಮೇಲಿಂದ ಹಳದಿ ಬೆಳಕು. ನನ್ನ ಗುಡ್ಡ ಗೋಡೆಯ ಮೇಲೆ ನಿಂತಿತ್ತು. ನೋಡಿದ ಕೂಡಲೇ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಗುಡ್ಡದ ಬುಡದಲ್ಲಿ ಆ ತೇಪೆ ಬಾಯಿ ತೆರೆದುಕೊಂಡಿತ್ತು. ಜೀನ್ಸ್ ಹಾಕಿದವನೊಬ್ಬ ತನ್ನ ಗೆಳತಿಗೆ, ಇದು ಫ್ಯಾನಿನ ಕಂಪನಿಗಳು ಗುಡ್ಡಕ್ಕೆ ಮಾಡಿದ ಗಾಯ ಅಂತ ವಿವರಿಸುತ್ತಿದ್ದ. ಜಗಳ ತೆಗೆಯಬೇಕು ಅಂತ ಎರಡು ಹೆಜ್ಜೆ ಮುಂದೆ ಹೋಗಿದ್ದೆ, ಫೋನ್ ಬಂತು.

ಅತ್ತೆ. ಬೆಳಿಗ್ಗೆ ನಾನು ಹೊರಟ ಮೇಲೆ ಹೆರಿಗೆಯ ಬ್ಯಾನಿ ಶುರುವಾಗಿ ಮಗಳನ್ನು ದವಾಖಾನೆಗೆ ತಂದಿದ್ದರು, ಅಳಿಯ ಇನ್ನೂ ದಾರಿಯಲ್ಲಿದ್ದ. ಕೂಸು ಅಡ್ಡ ತಿರುಗಿದೆ, ಎದೆಬಡಿತ ಇಳಿಯುತ್ತಿದೆ ಅಂತ ಡಾಕ್ಟರು ಹೇಳಿದರಂತೆ.

“ಹೊಟ್ಟಿ ಬಿಚ್ಚಬೇಕಂತಾರ,” ಅಂದರು ಅತ್ತೆ.

ನನ್ನ ಕಣ್ಣು ಆ ತೇಪೆಯ ಮೇಲೇ ಇತ್ತು. ನಾನು ಯಾವತ್ತೂ ನಂಬದೇ ಇದ್ದದ್ದೆಲ್ಲ ಒಟ್ಟಿಗೇ ಬಂದು ಎದುರಿಗೆ ನಿಂತಿತು. ನಾನು ಅವತ್ತೇ ಹೇಳಿದ್ದೆ ಅಂತ ಅತ್ತೆ ಅನ್ನಬಹುದು ಅಂತ ಕಾದೆ. ಅನ್ನಲಿಲ್ಲ. ಕೊನೆಗೆ ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

“ಬಿಚ್ಚಂತ ಹೇಳ್ರಿ, ಅತ್ತಿ.”

“ಹೇಳಿ ಆತು,” ಅಂದರು. “ಒಳಗ ಕರಕೊಂಡು ಹೋದ್ರು. ನಿನ್ನ ಕೇಳಾಕ ಫೋನ್ ಮಾಡಿಲ್ಲ. ಒಬ್ಬಾಕೀಗೇ ಕುಂದ್ರಾಕ ಅಂಜಿಕಿ ಬಂತು.”

ನಾನು ಅಲ್ಲೇ, ಕೌದಿಯ ಕೆಳಗೆ, ನೆಲದ ಮೇಲೆ ಕೂತೆ. ಕಾವಲಿನವನು ಬಂದು ಏಳಿ ಅಂದ, ಏಳಲಿಲ್ಲ. ಅತ್ತೆಯೂ ನಾನೂ ಫೋನ್ ಇಡಲಿಲ್ಲ. ಕೂಸು ಅತ್ತದ್ದು ಫೋನಿನಲ್ಲೇ ಕೇಳಿತು. ಅದರ ಹಿಂದೆಯೇ ಅತ್ತೆ ಅತ್ತದ್ದೂ.