ಕಲೆಯ ಸುತ್ತ ಬಿಳಿ ದಾರ

ನಮ್ಮ ಮನೆಯ ಕೆಳಗಿನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವಾಕೆಗೆ ದಾರದಕ್ಕ ಎಂದೇ ಹೆಸರು. ಬಟ್ಟೆ ನೆನೆದರೆ ಕಲೆ ಎಲ್ಲಿತ್ತೆಂದು ಕಾಣುವುದಿಲ್ಲ. ಅದಕ್ಕೇ ನೀರು ಮುಟ್ಟಿಸುವ ಮುಂಚೆ ಪ್ರತಿ ಕಲೆಯ ಸುತ್ತ ಬಿಳಿ ದಾರದ ಸಡಿಲ ಹೊಲಿಗೆ ಹಾಕುತ್ತಾಳೆ. ಕಲೆ ಹೋದರೆ ದಾರ ಬಿಚ್ಚುತ್ತಾಳೆ. ಹೋಗದಿದ್ದರೆ ದಾರ ಹಾಗೇ ಇರಬೇಕು; ಕಲೆ ಬರುವಾಗಲೇ ಇತ್ತೆಂದು ಗಿರಾಕಿಗೆ ತಿಳಿಯಲು.

ಗಂಡ ತೀರಿಕೊಂಡ ಮೇಲೆ ಇಸ್ತ್ರಿ ಕೆಲಸಕ್ಕೆ ಸೇರಿ, ಮೂಸಿಯೇ ಇದು ಎಣ್ಣೆ, ಇದು ಶಾಯಿ ಎನ್ನುವಷ್ಟು ಪಳಗಿದವಳು. ಮಾತು ಮಾತ್ರ ಒರಟು. ನನ್ನ ಮಗುವಿಗೆ ಜ್ವರವೇನೋ ಎಂದು ನಾನು ಗಳಿಗೆಗೊಮ್ಮೆ ಹಣೆ ಮುಟ್ಟಿದರೆ, “ಮುಟ್ಟಿ ಮುಟ್ಟಿಯೇ ಕಾಯಿಸ್ತೀರಾ, ಬಿಡಿ ತಾಯಿ” ಅನ್ನುತ್ತಾಳೆ.

ಹೋದ ವಾರ ಮದುಮಗನ ಕೋಟೊಂದರ ತೋಳಿನ ಕಲೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ದಾರ ಉಳಿಸಿದರೆ ಸೋತೆನೆಂದು ಒಪ್ಪಿಕೊಂಡ ಹಾಗೆ. ನಾಚಿಕೆಯಾಗಿ ಬಿಚ್ಚಿಬಿಟ್ಟಳು. ಇದನ್ನು ನನಗೊಬ್ಬಳಿಗೇ ಹೇಳಿಕೊಂಡಿದ್ದು. ಗಿರಾಕಿ ಬಂದು, ಕಲೆ ಇಲ್ಲೇ ಆದದ್ದೆಂದು ರಂಪ ಮಾಡಿದ. ಮಾಲೀಕರು ಆಕೆಯನ್ನು ಕೆಲಸದಿಂದ ತೆಗೆದರು.

ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ ಖಾಲಿಯಿತ್ತು, ಆದರೆ ಹಳೆಯ ಮಾಲೀಕರಿಂದ ಇಂಗ್ಲಿಷಿನಲ್ಲಿ ಪತ್ರ ಬೇಕಂತೆ. ಮಾಲೀಕರಿಗೆ ಇಂಗ್ಲಿಷ್ ಬಾರದು. ಬರೆಸಿಕೊಳ್ಳಲು ಮಹಡಿ ಹತ್ತಿ ನನ್ನಲ್ಲಿಗೇ ಬಂದರು.

“ಅಂಗಡಿ ಹೆಸರಿಗೆ ಮಸಿ ಬಳಿದ್ಲು ಅಂತ ಹಾಕಿಬಿಡಿ” ಎಂದರು.

ಸಮಾಧಾನ ಹೇಳಿದರೂ ಕೇಳಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಯೋಚಿಸಿದೆ. ಸ್ಟೇನ್ ಎಂದರೆ ಒಳಗಿಳಿದು ಕೂತ ಕಲೆ. ಟಾರ್ನಿಶ್ ಎಂದರೆ ಬೆಳ್ಳಿ ಮಂಕಾದಂತೆ. ಉಜ್ಜಿದರೆ ಮತ್ತೆ ಹೊಳೆದೀತು. ಹೆಸರು ಕೆಟ್ಟಿತು ಎನ್ನಲು ಎರಡೂ ನಡೆಯುತ್ತವೆ. ಎರಡನೆಯದನ್ನೇ ಬರೆದೆ. ಅವರು ರುಜು ಹಾಕಿ ಹೋದರು.

ಆಮೇಲೆ ಶುರುವಾಯಿತು ನನ್ನ ಸಂಕಟ. ಓದುವವರು ಇಷ್ಟು ಸೂಕ್ಷ್ಮ ನೋಡುತ್ತಾರೆಯೇ? ನನ್ನ ಜಾಣತನದಿಂದಲೇ ಆಕೆಯ ಅನ್ನಕ್ಕೆ ಕಲ್ಲು ಬಿದ್ದರೆ? ತಡೆಯಲಾರದೆ ಮರುದಿನ ಮಗುವನ್ನೆತ್ತಿಕೊಂಡು ಆಕೆಯ ಜೊತೆ ನಾನೂ ಹೊರಟೆ.

ಲಾಂಡ್ರಿಯ ಹಬೆಯಲ್ಲಿ ಕೆಲಸದವರೆಲ್ಲ ತಿರುಗಿ ನೋಡಿದರು. ಮೇಲ್ವಿಚಾರಕರು ಆ ಪದವನ್ನು ಮೊಬೈಲಿನಲ್ಲಿ ಹುಡುಕಿದರು. ‘ಕಳಂಕ ತರು’ ಎಂದು ಬಂತು. ಹಾಳೆ ಪಕ್ಕಕ್ಕೆ ಸರಿಯಿತು. ನಾನು ಬೆಳ್ಳಿ, ಮಂಕು ಎಂದೇನೋ ತೊದಲಿದೆ.

“ಅದೆಲ್ಲ ಇರ್ಲಿ ಮೇಡಂ. ಈಯಮ್ಮ ಬಟ್ಟೆ ಕೆಡಿಸಿದ್ರಾ, ಇಲ್ವಾ?”

“ಇಲ್ಲ ಸರ್. ಕಲೆ ಮೊದಲೇ ಇತ್ತು. ಇವರ ಕೈಲಿ ಹೋಗ್ಲಿಲ್ಲ. ನಾಚಿಕೆಯಾಗಿ ಗುರುತಿನ ದಾರ ಬಿಚ್ಚಿದ್ರು, ಅಷ್ಟೇ.”

ಅವರು ಆಕೆಯತ್ತ ನೋಡಿದರು. ಆಕೆ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು. ಒಂದು ತಿಂಗಳು ನೋಡೋಣ, ಆದರೆ ದಾರ ಬಿಚ್ಚುವ ಮುಂಚೆ ಪ್ರತಿ ಬಟ್ಟೆಯನ್ನೂ ತನಗೆ ತೋರಿಸಬೇಕು ಎಂದರು.

ಹಿಂದಿರುಗುವಾಗ, ಕೆಲಸ ಸಿಕ್ಕಿತಲ್ಲ ಎಂದೆ.

“ಸಿಕ್ತು ತಾಯಿ. ಆದ್ರೆ ನನ್ನ ಕೈಲಿ ಹೋಗ್ಲಿಲ್ಲ ಅಂತ ಅಷ್ಟು ಜನರ ಎದುರಿಗೆ ಹೇಳ್ಬೇಕಿತ್ತಾ?”

ಮಗು ಆಕೆಯತ್ತ ಕೈ ಚಾಚಿತು. ಆಕೆ ಎತ್ತಿಕೊಳ್ಳಲಿಲ್ಲ.