ಹೆಸರು ಬೇಡ, ಕೈ ಎತ್ತಿದರೆ ಸಾಕು

ನೀವೇ ಹೇಳಿ ಸ್ನೇಹಿತರೇ, ಇದು ಎಂತಹ ಕಥೆ ಎಂದು. ಕಡಬದ ನಮ್ಮ ಪಂಪ್ ರಿಪೇರಿ ಅಂಗಡಿಯಲ್ಲಿ ಧಣಿ ಒಂದು ಸಲಹಾ ಪೆಟ್ಟಿಗೆ ಇಟ್ಟಿದ್ದರು. ಹೆಸರು ಬೇಡ, ಧೈರ್ಯವಾಗಿ ಬರೆಯಿರಿ ಎಂದಿದ್ದರು. ಇವತ್ತು ಬೆಳಿಗ್ಗೆ ತೆರೆದಾಗ ಇದ್ದದ್ದು ಒಂದೇ ಚೀಟಿ: "ಬಿಚ್ಚಿಯೇ ನೋಡದ ಪಂಪಿಗೆ 'ನಾಳೆ ರೆಡಿ' ಎಂದು ಹೇಳುವುದನ್ನು ನಿಲ್ಲಿಸಬೇಕು."

ಧಣಿ ಕೆಲಸಕ್ಕಿರುವ ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿದರು. "ಇದು ಯಾರು ಬರೆದದ್ದು? ಹೆಸರು ಹೇಳುದು ಬೇಡ, ಕೈ ಎತ್ತಿದ್ರೆ ಸಾಕು."

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡುವವರೆಗೂ ಒಮ್ಮೆಯೂ ಕೈ ಎತ್ತದವನು ನಾನು. ಇವತ್ತು ಎತ್ತಿದೆ. ಕೆಲಸ ಹೋಯಿತು ಎಂದುಕೊಂಡೆ.

"ಹಾಗಾದ್ರೆ ಇನ್ನು ಗಿರಾಕಿಗಳ ಮ್ಯಾನೇಜರ್ ನೀನೇ. ಫೋನ್ ತೆಗಿ, ಸತ್ಯ ಹೇಳು" ಎಂದರು ಧಣಿ.

ಮೊದಲ ಫೋನ್ ಪೆರಾಬೆಯ ಗೌಡರದ್ದು. "ನಿಮ್ಮ ಪಂಪ್ ಇನ್ನೂ ಬಿಚ್ಚಿಲ್ಲ. ಯಾವಾಗ ಆಗ್ತದೆ ಗೊತ್ತಿಲ್ಲ" ಎಂದೆ.

"ಎಂತ ಮಾತಾಡುದು ನೀನು? ತೋಟಕ್ಕೆ ನೀರಿಲ್ಲದೆ ನಾಲ್ಕು ದಿನ ಆಯ್ತು. ಧಣಿಗೆ ಕೊಡು ಫೋನ್!"

ಧಣಿ ಫೋನ್ ತೆಗೆದುಕೊಂಡು, "ಹುಡುಗ ಹೊಸಬ ಗೌಡ್ರೆ. ನಾಳೆ ರೆಡಿ" ಎಂದರು. ನಾನು ಬಂದು ಮೂರು ವರ್ಷ ಆಯಿತು.

"ಹಾಂ, ಹಾಗೆ ಹೇಳಿ ಮಾರಾಯ್ರೆ!" ಗೌಡರ ಖುಷಿ ನನಗೂ ಕೇಳಿಸಿತು. ನನ್ನ ಮ್ಯಾನೇಜರ್ ಕೆಲಸ ಅಲ್ಲಿಗೆ ಮುಗಿಯಿತು.

ಈಗ ಆ ಪಂಪನ್ನು ಬಿಚ್ಚಿಕೊಂಡು ಕೂತಿದ್ದೇನೆ. ಸುಳ್ಳು ಹೇಳಿದವರು ಊಟಕ್ಕೆ ಹೋಗಿದ್ದಾರೆ. ಆ ಸುಳ್ಳನ್ನು ನಾಳೆಯೊಳಗೆ ನಿಜ ಮಾಡುವ ಜವಾಬ್ದಾರಿ ಸತ್ಯ ಹೇಳಿದವನದ್ದಂತೆ.